ಇಪ್ಪತ್ತೊಂದು ಬಳೆ, ಒಂದು ಮಾಸು

ಸುಟ್ಟ ಮೋಟಾರು ಅಂಗಡಿಗೆ ಬಂದರೆ ನಾನು ಮೊದಲು ಮೀಟರು ಮುಟ್ಟುವುದಿಲ್ಲ. ಮುಚ್ಚಳ ಬಿಚ್ಚಿ ಮೂಸಿ ನೋಡುತ್ತೇನೆ. ವೋಲ್ಟೇಜು ಸಾಲದೆ ಸುಟ್ಟಿದ್ದಕ್ಕೆ ಒಂದು ವಾಸನೆ, ನೀರಿಲ್ಲದೆ ಓಡಿ ಸುಟ್ಟಿದ್ದಕ್ಕೆ ಇನ್ನೊಂದು. ಮೂರು ಫೇಸಿನಲ್ಲಿ ಒಂದು ಹೋದ ಮೇಲೂ ಓಡಿದ್ದರೆ ಒಳಗಿನ ಕಾಯಿಲು ಪಟ್ಟೆಪಟ್ಟೆಯಾಗಿ ಕಪ್ಪಾಗಿರುತ್ತದೆ. ತಂದವರ ಮುಖ ನೋಡಿ, "ಸ್ವಾಮಿ, ತಪ್ಪು ಕರೆಂಟಿನವರದ್ದಲ್ಲ, ನಿಮ್ದೇ" ಎಂದು ಹೇಳಿಬಿಡುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆದರೆ ಮಧುಗಿರಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ರೀವೈಂಡಿಂಗ್ ಅಂಗಡಿ ಹಾಕಿ ಇಪ್ಪತ್ತೆರಡು ವರ್ಷವಾಯಿತು, ನಾನು ಹೇಳಿದ ಕಾರಣ ಸುಳ್ಳು ಎಂದು ಇದುವರೆಗೆ ಯಾರೂ ವಾಪಸ್ಸು ಬಂದಿಲ್ಲ.

ಅಂಥ ನನಗೆ ಒಂದು ಸಲ ತಪ್ಪು ಯಾರದ್ದೆಂದು ಹೇಳಲಾಗಲಿಲ್ಲ. ಅವತ್ತು ಎದುರಿಗೆ ಬಂದದ್ದು ಮೋಟಾರಲ್ಲ. ನನ್ನ ಹೆಂಡತಿ ನಾಗರತ್ನಳಿಗೆ ಬಸುರಿನಲ್ಲಿ ಬಂದ ಬಿ.ಪಿ. ಅವಳೂ ಮಗುವೂ ಇಬ್ಬರೂ ಇನ್ನೇನು ಕೈತಪ್ಪಿ ಹೋಗುವುದರಲ್ಲಿದ್ದರು. "ಬರೀರಿ. ಹೆರಿಗೆ ವಾರ್ಡಿನ ಹೊರಗೆ ಗೋಡೆ ನೋಡ್ಕಂಡು ನಿಂತಿರ್ತಾರಲ್ಲ ಗಂಡಸ್ರು, ಅವ್ರು ಓದ್ಲಿ. ಕಾಗುಣಿತ ನಾನು ತಿದ್ತೀನಿ" ಎಂದವಳು ರತ್ನಳೇ. ಅವಳು ಪಿ.ಯು.ಸಿ. ಮುಗಿಸಿದವಳು.

ಮದುವೆಯಾಗಿ ಐದು ವರ್ಷ ನಮಗೆ ಮಕ್ಕಳಾಗಿರಲಿಲ್ಲ. ಹಾಗಾಗಿ ರತ್ನ ಬಸುರಿ ಎಂದು ಗೊತ್ತಾದ ದಿನದಿಂದ ನಾನು ಅವಳನ್ನು ತಿನ್ನಿಸುವ ಕೆಲಸಕ್ಕೆ ನಿಂತೆ. ಹಾಲು, ಬೆಣ್ಣೆ, ದಾಳಿಂಬೆ, ಸೀಮೆಹಸುವಿನದ್ದಲ್ಲ, ನಾಟಿ ಹಸುವಿನ ತುಪ್ಪ. ಆರನೇ ತಿಂಗಳ ಹೊತ್ತಿಗೆ ಅವಳ ಕೆನ್ನೆ ತುಂಬಿತು. ಏಳನೆಯದರಲ್ಲಿ ಚಪ್ಪಲಿ ಹಿಡಿಯದೆ ಹೋಯಿತು. ನಾನು ಒಂದು ನಂಬರು ದೊಡ್ಡದು ತಂದೆ, ಅಂಗಡಿಯವನಿಗೆ ಯಾಕೆಂದು ಹೇಳಿಯೇ ತಂದೆ. ನನಗೆ ಅಷ್ಟು ಹೆಮ್ಮೆ.

ಏಳು ತುಂಬಿದ ಮೇಲೆ ಮನೆಯಲ್ಲಿ ಸೀಮಂತ ಮಾಡಿದೆವು. ಪಾವಗಡದ ಕಡೆಯಿಂದ ಅತ್ತೆ, ಅವರ ಅಕ್ಕತಂಗಿಯರು, ಕೊಳಾಲದಿಂದ ನಮ್ಮ ಕಡೆಯವರು ಎಲ್ಲ ಬಂದಿದ್ದರು. ಹಸಿರು ಗಾಜಿನ ಬಳೆ ತೊಡಿಸುವಾಗ ರತ್ನಳ ಅಳತೆಯ ಬಳೆ ಹೆಬ್ಬೆರಳಿನ ಬುಡಕ್ಕೇ ನಿಂತುಬಿಟ್ಟಿತು. ಬಳೆಯವನು ಅದಕ್ಕಿಂತ ದೊಡ್ಡದು ತೆಗೆದ. ಅದೂ ಆಗಲಿಲ್ಲ. ಕೊನೆಗೆ ಇದ್ದದ್ದರಲ್ಲೆಲ್ಲ ದೊಡ್ಡದನ್ನು ಕೊಬ್ಬರಿ ಎಣ್ಣೆ ಸವರಿ ಒಳಕ್ಕೆ ನೂಕಿದ. ಬಲಗೈಗೆ ಹತ್ತು, ಎಡಗೈಗೆ ಹನ್ನೊಂದು.

"ಏಮಪ್ಪಾ, ಅಳಿಯಂದ್ರೆ, ನಮ್ ಪಿಲ್ಲನ ಹಿಂಗೆ ಮೇಯ್ಸಿದೀರಲ್ಲ. ನಾವು ಕೊಟ್ಟಾಗ ಗರಿಯಂಗಿದ್ಲು" ಎಂದು ಅತ್ತೆ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, ಮಗಳನ್ನು ತೋರಿಸಿ ನಕ್ಕರು.

"ಮೈಕೈ ತುಂಬ್ಕಂಡವ್ಳೆ ಬುಡಿ ಬೀಗಿತ್ತೀ. ಬಸ್ರಿ ಅಂದ್ರೆ ಹಿಂಗಿರ್ಬೇಕು" ಎಂದಳು ನಮ್ಮಮ್ಮ. ನಾನು ಬಾಗಿಲಲ್ಲಿ ನಿಂತು ಮೀಸೆ ತಿರುವಿಕೊಂಡೆ.

ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಶಾಂತಮ್ಮನೂ ಊಟಕ್ಕೆ ಬಂದಿದ್ದರು. ಎಲ್ಲರೂ ಆರತಿ ಎತ್ತುತ್ತಿದ್ದರೆ ಆಕೆ ರತ್ನಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಸೀರೆಯ ಅಂಚು ಸರಿಸಿ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಹಳ್ಳ ಹಾಗೇ ನಿಂತಿತ್ತು, ಕಲಸಿಟ್ಟ ಹಿಟ್ಟಿನಲ್ಲಿ ಒತ್ತಿದ ಹಾಗೆ.

"ಈರಣ್ಣಾರೇ, ಹೋದ್ಸಲಿ ಬಿ.ಪಿ. ನೋಡ್ಸಕ್ಕೆ ಬರ್ಲಿಲ್ಲ ನೀವು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕರ್ಕಂಡು ಬರ್ರಿ. ಇದು ತುಂಬ್ಕಂಡಿರದಲ್ಲ, ಊತ."

"ಶಾಂತಮ್ಮಾರೇ, ಇದು ಊತ ಅಲ್ಲ, ಊಟ" ಎಂದೆ. ಇಡೀ ಪಡಸಾಲೆ ನಕ್ಕಿತು. ಶಾಂತಮ್ಮ ನಗಲಿಲ್ಲ.

ಮರುದಿನ ನಾನು ಕರೆದುಕೊಂಡು ಹೋಗಲಿಲ್ಲ. ಬೇಸಿಗೆ, ಬೋರ್‌ವೆಲ್ ಮೋಟಾರುಗಳು ಸಾಲಾಗಿ ಬಂದು ಬಿದ್ದಿದ್ದವು. ಅದು ನೆಪ ಅಷ್ಟೆ. ನಿಜ ಏನೆಂದರೆ, ನನ್ನ ಹೆಂಡತಿಗೆ ಕಾಯಿಲೆ ಎಂದು ಆಕೆ ಎಲ್ಲರೆದುರು ಹೇಳಿದ್ದು ನನಗೆ ಅವಮಾನವಾಗಿತ್ತು. ಹೀಗೆ ಐದು ದಿನ ಹೋಯಿತು.

ಆರನೇ ದಿನ ಮಧ್ಯಾಹ್ನ ಅಮ್ಮ ಅಂಗಡಿಗೆ ಫೋನು ಮಾಡಿದಳು. "ಲೇ ಈರ, ರತ್ನ ಕಣ್ ಮುಚ್ಕಂಡು ಕುಂತವ್ಳೆ ಕಣ್ಲಾ. ತಲೆ ಸಿಡೀತೈತಂತೆ. ಬಾ ಬಿರ್ನೆ." ಓಡಿದೆ. ರತ್ನ ಗೋಡೆಗೆ ಒರಗಿ ಕುಳಿತಿದ್ದಳು. "ಕಣ್ಮುಂದೆ ನಿಮ್ ಅಂಗಡೀಲಿ ವೆಲ್ಡಿಂಗ್ ಕಿಡಿ ಹಾರುತ್ತಲ್ಲ, ಹಂಗೆ ಹಾರ್ತೈತೆ ಕಣ್ರೀ" ಎಂದಳು. ಅವಳು ಇಡೀ ಬಸುರಿನಲ್ಲಿ ನನಗೆ ಹೇಳಿದ ಮೊದಲನೇ ನೋವು ಅದು ಎಂದುಕೊಂಡೆ.

ಮಧುಗಿರಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಬಿ.ಪಿ. ನೋಡಿದರು. ಮತ್ತೆ ನೋಡಿದರು. ಇನ್ನೊಂದು ಮೆಷಿನ್ನು ತರಿಸಿ ಮತ್ತೊಂದು ಕೈಗೆ ಕಟ್ಟಿದರು. ಮೀಟರು ಕೆಟ್ಟಿರಬಹುದೆಂದು ಇನ್ನೊಂದು ಮೀಟರಿನಲ್ಲಿ ನೋಡುವುದು ನನ್ನದೂ ಪದ್ಧತಿ. ಎರಡೂ ಮೀಟರು ಒಂದೇ ಹೇಳಿದರೆ ಏನರ್ಥವೆಂದು ನನಗೆ ಗೊತ್ತು. ಎರಡೂ ನೂರ ಎಪ್ಪತ್ತರ ಮೇಲೆ ಹೇಳಿದವು. ಅಲ್ಲೇ ಸೊಂಟದ ಎರಡೂ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟರು. ರತ್ನ ನನ್ನ ಅಂಗಿ ಹಿಡಿದು, "ಮೈಯೆಲ್ಲ ಬೆಂಕಿ ಹಾಕ್ದಂಗಾಗ್ತೈತೆ" ಎಂದಳು. "ಹಂಗೇ ಆಗುತ್ತಮ್ಮ, ಫಿಟ್ಸ್ ಬರದೆ ಇರಲಿ ಅಂತ" ಎಂದು ನರ್ಸಮ್ಮ ಹಣೆ ನೇವರಿಸಿದರು. ತುಮಕೂರಿಗೆ ಕರೆದೊಯ್ಯಲು ಆಂಬುಲೆನ್ಸ್ ಬಂತು.

ಆ ನರ್ಸಮ್ಮ ನಮ್ಮ ಜೊತೆಗೇ ಹತ್ತಿದರು. ಡ್ರೈವರಿಗೆ, "ಸೈರನ್ ಹಾಕ್ಬೇಡಪ್ಪ. ಸದ್ದು, ಬೆಳಕು ಎರಡೂ ಆಗಲ್ಲ ಇವರಿಗೆ" ಎಂದರು. ಡ್ರೈವರು ಕಿಟಕಿಯಿಂದ ಕೈ ಹೊರಗೆ ಹಾಕಿ, ಬೀಸಿ ಬೀಸಿ ದಾರಿ ಕೇಳುತ್ತಾ ಹೋದ. ಕೊರಟಗೆರೆ ಪೇಟೆಯ ನಡುವೆ ಲಾರಿಯವರೂ ಟ್ರ್ಯಾಕ್ಟರಿನವರೂ ಅವನ ಕೈ ನೋಡಿ ಪಕ್ಕಕ್ಕೆ ಸರಿದರು. ಸದ್ದಿಲ್ಲದೆ ಹೋದ ಆ ಆಂಬುಲೆನ್ಸನ್ನು ನಾನು ಮರೆತಿಲ್ಲ. ಒಳಗೆ ರತ್ನಳ ಕಣ್ಣಿನ ಮೇಲೆ ನನ್ನ ಟವೆಲ್ಲು, ಅಮ್ಮನ ಮಡಿಲಲ್ಲಿ ಅವಳ ಕಾಲು, ಗಾಡಿ ಕುಲುಕಿದಾಗಲೆಲ್ಲ ಬಳೆಗಳ ಸದ್ದು ಬರಬೇಕಿತ್ತು, ಬರಲಿಲ್ಲ. ಆಗ ನೋಡಿದೆ. ಬಳೆಗಳು ಮಾಂಸದೊಳಕ್ಕೆ ಕಚ್ಚಿ ಕುಳಿತಿದ್ದವು.

ತುಮಕೂರಿನ ಆಸ್ಪತ್ರೆ ಡಾಕ್ಟರಿಕೆ ಓದುವ ಕಾಲೇಜಿನದ್ದು. ಪರದೆ ಎಳೆದ, ಮಬ್ಬು ಬೆಳಕಿನ ಒಂದು ಕೋಣೆಗೆ ಸೇರಿಸಿದರು. ಕೈಗೆ ಡ್ರಿಪ್ಪು ಹಾಕಬೇಕು, ಊತ ಏರುತ್ತಿದೆ, ಬಳೆ ತೆಗೆಯಬೇಕು ಎಂದರು. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು. ಒಂದೂ ಅಲುಗಲಿಲ್ಲ.

"ಒಡೀಬೇಕಾಗುತ್ತೆ" ಎಂದರು ಅಲ್ಲಿಯ ನರ್ಸು.

ಅಮ್ಮ ಅಡ್ಡ ನಿಂತಳು. "ಬಸ್ರಿ ಕೈ ಬಳೆ ಒಡೀತಾರೇನ್ರವ್ವ? ಸೀಮಂತದ ಬಳೆ. ಹೆರಿಗೆ ಆಗಾಗಂಟ ಮುಟ್ಬಾರ್ದು. ಗಂಡ ಇಲ್ಲೇ ನಿಂತವ್ನೆ, ಅವ್ನ ಎದುರ್ಗೇ ಒಡೀತೀರಾ?" ನನ್ನ ಅಪ್ಪ ಹೋದ ದಿನ ಅವಳ ಕೈಯ ಬಳೆಗೆ ಏನು ಮಾಡಿದರೆಂದು ನನಗೂ ನೆನಪಿದೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಪಕ್ಕದ ಪರದೆಯ ಆಚೆಯಿಂದ ಒಬ್ಬಾಕೆ ಬಂದರು. ಬಿಳಿ ತಲೆ, ಬುರ್ಖಾದ ತೋಳು ಮಡಚಿದ್ದರು. ಸಿರಾದ ಫಾತಿಮಾಬಿ. ಮಗಳಿಗೂ ಇದೇ ಕಾಯಿಲೆ, ಫಿಟ್ಸ್ ಬಂದು ಹೆರಿಗೆಯಾಗಿ, ಒಂದು ದಿನದ ಮೇಲೆ ಕಣ್ಣು ಬಿಟ್ಟಿದ್ದಳಂತೆ. "ಅಮ್ಮಾ, ನಾನು ಬಳೆ ಅಂಗಡಿಯೋಳು" ಎಂದು ನಮ್ಮಮ್ಮನ ಭುಜದ ಮೇಲೆ ಕೈ ಇಟ್ಟರು. "ಮೂವತ್ತು ವರ್ಷ ತೊಡಿಸಿದೀನಿ. ತೊಡ್ಸೋಳು ಹೇಳ್ತೀನಿ ಕೇಳು, ಬಳೆ ಇರೋದು ಕೈಗೋಸ್ಕರ. ಕೈ ಉಳೀಲಿ ಮೊದ್ಲು. ನಿನ್ ಮಗಾನೇ ತೆಗೀಲಿ. ಗಂಡ ತೆಗೆದ್ರೆ ಏನೂ ಇಲ್ಲಮ್ಮ."

ಹಾಗೊಂದು ಶಾಸ್ತ್ರ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅಮ್ಮ ಪಕ್ಕಕ್ಕೆ ಸರಿದಳು.

ನನ್ನ ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಕಟಿಂಗ್ ಪ್ಲೇಯರು ಇರುತ್ತದೆ. ಅವತ್ತೂ ಇತ್ತು. ನರ್ಸು ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಟ್ಟರು. ಫಾತಿಮಾಬಿ ಬಳೆಯ ಅಡಿಗೆ ಬ್ಯಾಂಡೇಜು ಬಟ್ಟೆಯನ್ನು ಹೇಗೋ ತೂರಿಸಿದರು, ಮೇಲೊಂದು ಒದ್ದೆ ಬಟ್ಟೆ ಸುತ್ತಿದರು. "ಜೋರು ಬೇಡ ಬೇಟಾ. ಹಲ್ಲಲ್ಲಿ ಕಡಲೆ ಒಡೀತೀಯಲ್ಲ, ಅಷ್ಟೇ."

ಕೂದಲಿನಂಥ ತಾಮ್ರದ ತಂತಿಯನ್ನು ಗೀರಾಗದಂತೆ ಸುತ್ತುವ ಕೈ ನನ್ನದು. ಅವತ್ತು ಒಂದು ಬಳೆ ಹಿಡಿಯಲು ಮೂರು ಸಲ ಬೇಕಾಯಿತು. ಮೊದಲನೆಯದು ಟಕ್ ಎಂದಿತು. ರತ್ನ ಕಣ್ಣಿನ ಮೇಲಿನ ಟವೆಲ್ಲಿನ ಅಡಿಯಿಂದಲೇ, "ತೊಡಿಸುವಾಗ ಬಾಗ್ಲಲ್ಲಿ ನಿಂತು ಮೀಸೆ ತಿರುವ್ತಿದ್ರಿ. ತೆಗಿಯಕ್ಕೆ ನೀವೇ ಬೇಕಾಯ್ತು ನೋಡಿ" ಎಂದಳು. ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ, ಫಾತಿಮಾಬಿ ನನ್ನ ಮುಖವನ್ನು ತಮ್ಮ ತೋಳಿನಿಂದ ಒರೆಸಿದರು. ಇಪ್ಪತ್ತೊಂದು ಬಳೆ. ಒಂದು ಗೀರೂ ಆಗಲಿಲ್ಲ. ಮಣಿಕಟ್ಟಿನಲ್ಲಿ ಮಾತ್ರ ಬಳೆಗಳ ಗುರುತು ಹಳ್ಳಹಳ್ಳವಾಗಿ ಹಾಗೇ ಉಳಿದಿತ್ತು. "ಅಂಗಡೀಲಿ ನಾನು ಬಸ್ರಿ ಹೆಂಗಸ್ರ ಕೈ ಹಿಂಗೇ ಒತ್ತಿ ನೋಡ್ತೀನಿ. ಹಳ್ಳ ಮೇಲಕ್ಕೆ ಬರ್ಲಿಲ್ಲ ಅಂದ್ರೆ, ಬಳೆ ಆಮೇಲೆ, ಮೊದ್ಲು ಡಾಕ್ಟರ್ ಹತ್ರ ಹೋಗು ಅಂತೀನಿ. ನನ್ ಮಗಳು ಗಂಡನ ಮನೇಲಿದ್ಲು, ನೋಡಕ್ಕೆ ನಾನಿರ್ಲಿಲ್ಲ" ಎಂದರು ಫಾತಿಮಾಬಿ.

ನಮ್ಮನ್ನು ನೋಡಿಕೊಂಡ ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಗಂಟೆಗೊಂದು ಸಲ ಬಂದು ರಬ್ಬರಿನ ಪುಟ್ಟ ಸುತ್ತಿಗೆಯಿಂದ ರತ್ನಳ ಮೊಣಕಾಲಿಗೆ ತಟ್ಟಿ ನೋಡುತ್ತಿದ್ದರು. ಕಾಯಿಲೆಯ ಹೆಸರು ಪ್ರಿಎಕ್ಲಾಂಪ್ಸಿಯಾ ಎಂದು ಹೇಳಿ, ಚೀಟಿಯ ಹಿಂದೆ ಕನ್ನಡದಲ್ಲೇ ಬರೆದುಕೊಟ್ಟರು. ಇದಕ್ಕೆ ಮದ್ದು ಒಂದೇ, ಮಗುವಿನ ಜೊತೆ ಮಾಸು ಹೊರಗೆ ಬರಬೇಕು. ಆದರೆ ಮಗುವಿಗಿನ್ನೂ ಎಂಟನೇ ತಿಂಗಳು. ಅದರ ಶ್ವಾಸಕೋಶ ಗಟ್ಟಿಯಾಗಲು ತಾಯಿಗೆ ಇಂಜೆಕ್ಷನ್ ಕೊಟ್ಟಿದ್ದೇವೆ, ಎರಡು ದಿನ ತಳ್ಳಲು ನೋಡುತ್ತೇವೆ, ಬಿ.ಪಿ. ಬಿಡಬೇಕು ಅಷ್ಟೆ ಎಂದರು.

"ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತಾರಲ್ಲ ತಾಯಿ" ಎಂದಳು ಅಮ್ಮ.

"ಯಾರು ಹೇಳಿದ್ದಜ್ಜಿ? ಒಳಗೆ ಒಂದೊಂದು ದಿನ ಜಾಸ್ತಿ ಇದ್ದಷ್ಟೂ ಒಳ್ಳೇದು. ಏಳಕ್ಕಿಂತ ಎಂಟು ಒಳ್ಳೇದು." ಅಮ್ಮ ಆ ಮಾತನ್ನು ಗಂಟು ಕಟ್ಟಿಕೊಂಡಳು. ಆಮೇಲೆ ಕಾರಿಡಾರಿನಲ್ಲಿ ಕುಳಿತ ಎಲ್ಲ ಅಜ್ಜಿಯರಿಗೂ ತಾನೇ ಹೇಳುತ್ತಾ ಹೋದಳು.

ಆ ಎರಡು ದಿನ ನಾನು ಕಾರಿಡಾರಿನ ಕಬ್ಬಿಣದ ಬೆಂಚಿನಲ್ಲಿ ಕಳೆದೆ. ಕೆಲಸವಿಲ್ಲದ ಕೈ ಎಷ್ಟು ಭಾರವೆಂದು ಅಲ್ಲಿ ಗೊತ್ತಾಯಿತು. ನಮ್ಮಂಥ ಗಂಡಸರು ಐದಾರು ಜನ. ಯಾರ ಹೆಸರೂ ಯಾರಿಗೂ ಗೊತ್ತಿಲ್ಲ. ಬಾಗಿಲು ಸದ್ದಾದರೆ ಎಲ್ಲರೂ ಒಟ್ಟಿಗೆ ಏಳುವುದು, ಕರೆದದ್ದು ಒಬ್ಬನನ್ನಾದರೆ ಉಳಿದವರು ಕುಳಿತುಕೊಳ್ಳುವುದು. ಬೆಂಚಿನ ಕಾಲೊಂದು ಅಲುಗುತ್ತಿತ್ತು. ನಟ್ಟು ಬಿಗಿ ಮಾಡಿದೆ. ಆಸ್ಪತ್ರೆಯಲ್ಲಿ ನನ್ನಿಂದಾದ ಕೆಲಸ ಅದೊಂದೇ ಎನ್ನಿಸಿತು.

ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ. ಅಮ್ಮ ದೃಷ್ಟಿಯಾಯಿತು ಎನ್ನುತ್ತಿದ್ದಳು, ಸೀಮಂತಕ್ಕೆ ಅಷ್ಟೊಂದು ಜನ ಬಂದಿದ್ದರಲ್ಲ ಎಂದು. ಅತ್ತೆ ಫೋನಿನಲ್ಲಿ, ತವರಿಗೆ ಮೊದಲೇ ಕಳಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅಳುತ್ತಿದ್ದರು. ನನಗೆ ಬೆಣ್ಣೆ ತುಪ್ಪದ ಮೇಲೆ ಅನುಮಾನ. ಎರಡನೇ ದಿನ ಬೆಳಿಗ್ಗೆ ಡಾಕ್ಟರಮ್ಮ ಕಾರಿಡಾರಿನ ಮೂಲೆಯಲ್ಲಿ ನಿಂತು ಟೀ ಕುಡಿಯುತ್ತಿದ್ದಾಗ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಮೇಡಂ, ಒಂದೇ ಒಂದು ಮಾತು. ತಪ್ಪು ಯಾರದು?"

"ಯಾರದ್ದೂ ಅಲ್ಲ. ಊಟದ್ದಲ್ಲ, ಕೆಲಸದ್ದಲ್ಲ, ದೃಷ್ಟಿಯದ್ದೂ ಅಲ್ಲ."

"ಕಾರಣ ಇಲ್ಲದೆ ಯಾವುದೂ ಕೆಡಲ್ಲ ಮೇಡಂ. ನಾನು ಮೋಟಾರು ಕೆಲಸದೋನು."

ಅವರು ಟೀ ಲೋಟ ಕಿಟಕಿಯ ಮೇಲಿಟ್ಟರು. "ಮಾಸು ಅಂದ್ರೆ ಮಗುವಿನ ಬೇರು ಅಂದ್ಕೊಳ್ಳಿ. ಅದು ತಾಯಿಯ ಗರ್ಭದಲ್ಲಿ ಆಳಕ್ಕೆ ಇಳೀಬೇಕು. ಇಳಿ, ಬೆಳಿ ಅಂತ ಹೇಳೋಕೆ ಮೈಯಲ್ಲಿ ಹಾರ್ಮೋನುಗಳು ಓಡಾಡ್ತಾ ಇರ್ತವೆ. ಆ ಮಾತನ್ನ ಕೇಳಿಸಿಕೊಳ್ಳೋ ಜಾಗಗಳು ಮಾಸಿನಲ್ಲಿರ್ತವೆ, ರಿಸೆಪ್ಟರ್ ಅಂತೀವಿ. ಈ ಕಾಯಿಲೆಯವರ ಮಾಸಿನಲ್ಲಿ ಅವು ಬೇರೆ ಥರ ಇರಬಹುದು ಅಂತ ಅನುಮಾನ. ಕೆಲವು ಕಡಿಮೆ, ಕೆಲವು ಜಾಸ್ತಿ. ಬೇರು ಸರಿಯಾಗಿ ಇಳಿಯಲ್ಲ, ಆಮೇಲೆ ತಾಯಿಯ ಪ್ರೆಷರ್ ಏರುತ್ತೆ."

"ಅಂದ್ರೆ ಸ್ವಿಚ್ಚು ಒತ್ತಿದ್ರೂ ಸ್ಟಾರ್ಟರು ಹಿಡೀತಿಲ್ಲ."

"ಹೆಚ್ಚುಕಡಿಮೆ ಹಾಗೇ ಅನ್ನಿ."

"ಸ್ಟಾರ್ಟರು ಯಾಕೆ ಹಿಡೀತಿಲ್ಲ?"

"ಅದು ಇನ್ನೂ ಪೂರ್ತಿ ಗೊತ್ತಿಲ್ಲ" ಎಂದರು. ಅಷ್ಟು ಓದಿದವರು ಗೊತ್ತಿಲ್ಲ ಎಂದು ಅಷ್ಟು ನೇರವಾಗಿ ಹೇಳಿದ್ದು ನಾನು ಮೊದಲ ಸಲ ಕೇಳಿದ್ದು. ಇಪ್ಪತ್ತೆರಡು ವರ್ಷದಲ್ಲಿ ನಾನು ಯಾವ ಗಿರಾಕಿಗೂ ಆ ಮಾತು ಹೇಳಿರಲಿಲ್ಲ. ಅವತ್ತಿನಿಂದ ನನಗೆ ಆಕೆಯ ಮೇಲೆ ನಂಬಿಕೆ ಬಂತು.

ಅವರೇ ಮುಂದುವರಿಸಿ ಕೇಳಿದರು. ತಮ್ಮ ಕಾಲೇಜಿನಲ್ಲಿ ಅದರ ಮೇಲೇ ಸಂಶೋಧನೆ ಮಾಡುತ್ತಿದ್ದಾರೆ, ಹೆರಿಗೆಯಾದ ಮೇಲೆ ರತ್ನಳ ಮಾಸನ್ನು ತಮಗೆ ಕೊಡುತ್ತೀರಾ ಎಂದು. ಕೊಡದಿದ್ದರೂ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಎರಡು ಸಲ ಹೇಳಿದರು.

ಇದನ್ನು ಕೇಳಿಸಿಕೊಂಡ ಅಮ್ಮ ಎದ್ದು ಬಂದಳು. "ಅದೆಂಗಾಯ್ತದೆ? ಮಾಸು ಅಂದ್ರೆ ಮಗೀನ ಜೊತೆಗಾರ. ಅರಿಸಿಣ ಕುಂಕುಮ ಇಕ್ಕಿ ಬಚ್ಚಲ ಹಿಂದೆ ಹೂಣ್ಬೇಕು, ನಾಯಿ ನರಿ ಮುಟ್ದಂಗೆ. ಇವ್ನದ್ದು ಕೊಳಾಲದ ಮನೆ ಹಿತ್ಲಲ್ಲಿ ಐತೆ. ನಮ್ಮತ್ತೆ ಕೈಯಾರೆ ಹೂಣಿದ್ದು. ಅದ್ಕೇ ಎಲ್ಲೋದ್ರೂ ತಿರುಗಿ ಬತ್ತಾನೆ."

ನಾನು ಬಾಯಿ ತೆರೆದೆ. ಮನೆಯ ಯಜಮಾನ ನಾನು, ಬೇಡ ಎಂದು ಹೇಳುವವನಿದ್ದೆ. ಡಾಕ್ಟರಮ್ಮ ಮೆಲ್ಲಗೆ, "ಇಬ್ಬರೂ ಕ್ಷಮಿಸಬೇಕು, ನಾನು ಅವರನ್ನೇ ಕೇಳಬೇಕು. ಮಾಸು ಅವರದ್ದು" ಎಂದರು.

ಫಾರಂ ನನ್ನ ಕೈಗೇ ಬಂತು. ನಾನು ಎಲ್ಲ ಅರ್ಥವಾದವನ ಹಾಗೆ ಮೇಲಿನಿಂದ ಕೆಳಗೆ ಕಣ್ಣಾಡಿಸಿದೆ. ರತ್ನಳಿಗೆ ಅವತ್ತು ತಲೆನೋವು ಸ್ವಲ್ಪ ಇಳಿದಿತ್ತು. ಕೈ ಚಾಚಿ ಇಸಿದುಕೊಂಡು, ನಿಧಾನಕ್ಕೆ ಗಟ್ಟಿಯಾಗಿ ಓದಿದಳು, ನನಗೆ ಕೇಳಿಸಲೆಂದೇ. ಓದಿ ಮುಗಿಸಿ ನನ್ನನ್ನು ನೋಡಿದಳು.

"ಸುಟ್ಟ ತಂತಿ ಬಿಚ್ಚಿ ನೋಡ್ದೆ ನೀವು ಹೊಸ್ದು ಸುತ್ತುತೀರಾ?"

"ಇಲ್ಲ."

"ಮತ್ತೆ? ಅವ್ರೂ ಬಿಚ್ಚಿ ನೋಡ್ಲಿ. ನನಗಲ್ದಿದ್ರೆ ಇನ್ಯಾರ್ಗಾದ್ರೂ ಆಯ್ತದೆ." ಆಮೇಲೆ ಅಮ್ಮನ ಕಡೆ ತಿರುಗಿ, "ಅತ್ತೆ, ನಿಮ್ಗೆ ಬೇಜಾರಾದ್ರೆ ಬ್ಯಾಡ ಅಂತೀನಿ" ಎಂದಳು.

ಅಮ್ಮ ಮಂಚದ ಅಂಚಿಗೆ ಕುಳಿತಳು. ಸೊಂಟದ ಚೀಲ ಬಿಚ್ಚಿ, ಎಲೆಯಡಿಕೆಯ ನಡುವಿಂದ ಒಂದು ಪುಟ್ಟ ಪೊಟ್ಟಣ ತೆಗೆದಳು. ಮನೆ ಬಿಡುವಾಗ ದೇವರ ಮುಂದಿನಿಂದ ಕಟ್ಟಿಕೊಂಡಿದ್ದ ಅರಿಸಿನ ಕುಂಕುಮ. ಅದನ್ನು ಡಾಕ್ಟರಮ್ಮನ ಕೈಗೆ ಕೊಟ್ಟಳು. "ಇದ ಇಕ್ಕಿ ಇಟ್ಕಳ್ರವ್ವ. ಬರೀದೇ ಇಡ್ಬ್ಯಾಡ್ರಿ."

"ಒಳಗೆ ಹಾಕಂಗಿಲ್ಲಜ್ಜಿ, ಕೆಟ್ಟುಹೋಗುತ್ತೆ. ಡಬ್ಬಿ ಹೊರಗೆ ಹಚ್ಚಲಾ?"

"ಹಚ್ಚು ಮಗ" ಎಂದಳು ಅಮ್ಮ. ರತ್ನ ಸಹಿ ಹಾಕಿದಳು.

ಅವತ್ತೇ ಮಧ್ಯಾಹ್ನ ಬಿ.ಪಿ. ಮತ್ತೆ ಏರಿತು. ಇನ್ನು ಕಾಯುವಂತಿಲ್ಲ ಎಂದು ಆಪರೇಷನ್ನಿಗೆ ತೆಗೆದುಕೊಂಡು ಹೋದರು. ಸ್ಟ್ರೆಚರಿನ ಮೇಲೆ ರತ್ನಳ ಬರಿಗೈ ಹಿಡಿದುಕೊಂಡು ಬಾಗಿಲ ತನಕ ಹೋದೆ. ಬಾಗಿಲು ಮುಚ್ಚಿತು. ಫಾತಿಮಾಬಿ ಬಂದು ಪಕ್ಕ ಕುಳಿತು, ನನ್ನ ಅಂಗೈಯಲ್ಲಿ ಎರಡು ಖರ್ಜೂರ ಇಟ್ಟರು. "ತಿನ್ನು. ನೀನು ಬಿದ್ರೆ ಎತ್ತೋರು ಯಾರಿಲ್ಲ ಇಲ್ಲಿ. ನಾವಿಬ್ರೂ ಮುದುಕೀರು."

ಬಾಗಿಲು ಸದ್ದಾಯಿತು, ಎಲ್ಲರೂ ಎದ್ದೆವು. ಕರೆದದ್ದು ನನ್ನನ್ನು.

ಹೆಣ್ಣುಮಗು. ಒಂದು ಕೆ.ಜಿ. ಮುನ್ನೂರು ಗ್ರಾಂ. ಒಂದು ದೊಡ್ಡ ಮೋಟಾರಿಗೆ ನಾನು ಸುತ್ತುವ ತಾಮ್ರ ಅದಕ್ಕಿಂತ ಹೆಚ್ಚು ತೂಗುತ್ತದೆ. ಅಳುವ ಸದ್ದು ಬೆಕ್ಕಿನ ಮರಿಯದ್ದಷ್ಟೇ ಇತ್ತು, ಆದರೆ ಅತ್ತಿತ್ತು. "ತಾಯಿ?" ಎಂದೆ. "ಐ.ಸಿ.ಯು.ನಲ್ಲಿ ಇಟ್ಟಿರ್ತೀವಿ. ಹೆರಿಗೆ ಆದ ಕೂಡಲೇ ಎಲ್ಲ ಮುಗಿಯಲ್ಲ, ಎರಡು ದಿನ ಹುಷಾರಾಗಿ ನೋಡಬೇಕು" ಎಂದರು ಡಾಕ್ಟರಮ್ಮ. ಹೋಗುವಾಗ ತಿರುಗಿ ಅಮ್ಮನಿಗೆ, "ಅಜ್ಜೀ, ಹಚ್ಚಿದೆ" ಎಂದರು. ಅವರ ಬೆರಳ ತುದಿ ಹಳದಿಯಾಗಿತ್ತು. ಅಮ್ಮ ಕೈ ಮುಗಿದಳು.

ರತ್ನ ಐ.ಸಿ.ಯು.ನಲ್ಲಿದ್ದಾಗ ಮಗುವಿಗೆ ಮೈಶಾಖ ಕೊಡುವವರು ಬೇಕಾಯಿತು. ತಾಯಿ ಆಗದಿದ್ದರೆ ತಂದೆಯೂ ಆಗಬಹುದು ಎಂದರು. ನನಗೆ ನಾಚಿಕೆ. ಕೈಯಲ್ಲಿದ್ದ ವಾರ್ನಿಷ್ ಕಲೆಯನ್ನು ಉಜ್ಜಿ ಉಜ್ಜಿ ತೊಳೆದೆ, ಹೋಗಲಿಲ್ಲ. ನರ್ಸು, "ಕಲೆ ಇರ್ಲಿ ಬಿಡಿ, ಕೊಳೆ ಇಲ್ವಲ್ಲ" ಎಂದು ಅಂಗಿ ಬಿಚ್ಚಿಸಿ, ಎದೆಗೆ ಮಗುವನ್ನು ಕಟ್ಟಿದರು. ಅಷ್ಟು ಪುಟ್ಟ ಜೀವ ನನ್ನ ಎದೆಯ ಮೇಲೆ ಉಸಿರಾಡುತ್ತಿರುವಾಗ ನಾನು ನನ್ನ ಉಸಿರು ಬಿಗಿಹಿಡಿದು ಕುಳಿತಿದ್ದೆ. "ಉಸಿರಾಡಿ ಅಪ್ಪಾ, ಇಲ್ಲಾಂದ್ರೆ ನಿಮ್ಮನ್ನೂ ಸೇರಿಸ್ಕೋಬೇಕಾಗುತ್ತೆ" ಎಂದು ನರ್ಸು ನಕ್ಕರು. ಗಾಜಿನಾಚೆಯಿಂದ ನೋಡುತ್ತಿದ್ದ ಅಮ್ಮ ಆಮೇಲೆ ಹೇಳಿದಳು. "ನಿಮ್ಮಪ್ಪ ಮೂರು ತಿಂಗ್ಳಾಗಂಟ ನಿನ್ನ ಮುಟ್ಲಿಲ್ಲ ಕಣ್ಲಾ. ಮುಟ್ಟುದ್ರೆ ಮುರುದೋಯ್ತೀಯ ಅಂತ ಭಯ ಅವ್ರಿಗೆ."

ನಾಲ್ಕನೇ ದಿನ ರತ್ನಳನ್ನು ವಾರ್ಡಿಗೆ ತಂದರು. ಮುಖದ ಊತ ಇಳಿದು, ನಾನು ಮದುವೆಯಾದ ಹುಡುಗಿಯ ಮುಖ ಮತ್ತೆ ಕಾಣುತ್ತಿತ್ತು. ಏನು ಹೇಳಬೇಕೆಂದು ಬೆಂಚಿನ ಮೇಲೆ ಕುಳಿತು ಎರಡು ದಿನದಿಂದ ಜೋಡಿಸಿಕೊಂಡಿದ್ದೆ. ಹೇಳಿದೆ. "ಕಾಯಿಲೆ ಯಾರ ತಪ್ಪೂ ಅಲ್ಲ ಅಂದ್ರು ಡಾಕ್ಟ್ರು. ಒಪ್ಕತೀನಿ. ಶಾಂತಮ್ಮ ಹೇಳಿದ ಮೇಲೆ ಐದು ದಿನ ಹಾಳು ಮಾಡಿದ್ನಲ್ಲ, ಅದು ನಂದು ರತ್ನ."

ಅವಳು ಇಲ್ಲ ಎನ್ನಲಿಲ್ಲ. ನನ್ನ ಕೈಯ ವಾರ್ನಿಷ್ ಕಲೆಯನ್ನು ಉಗುರಿನಿಂದ ಕೆರೆಯುತ್ತಾ, "ನನಗೆ ಇಪ್ಪತ್ತು ದಿನದಿಂದ ತಲೆನೋವಿತ್ತು ಕಣ್ರೀ" ಎಂದಳು. "ನೀವು ಅಷ್ಟು ಖುಷಿಯಾಗಿದ್ರಿ. ಸಿಕ್ಕೋರಿಗೆಲ್ಲ ನನ್ನ ಕೆನ್ನೆ ತೋರ್ಸ್ತಿದ್ರಿ. ಹೇಳಕ್ಕೆ ಮನ್ಸೇ ಬರ್ಲಿಲ್ಲ. ಒಂದ್ಸಲ ಹೇಳಿದ್ದೆ. ಬಿಸಿಲಿಗೆ ಅಂದ್ರಿ."

ನನಗೆ ಅದು ನೆನಪೇ ಇರಲಿಲ್ಲ. ಈಗಲೂ ನೆನಪಿಲ್ಲ. ಹೇಳಿದ್ದೆ ಎಂದು ಅವಳು ಹೇಳಿದ ಮೇಲೆ ಹೇಳಿರಲೇಬೇಕು. ಈ ಬರಹದಲ್ಲಿ ಗಂಡಸರಿಗೆ ನಾನು ಹೇಳಬೇಕಾದ್ದು ಏನಾದರೂ ಇದ್ದರೆ ಅದು ಇಷ್ಟೇ. ಹೆಂಡತಿಯ ಮೇಲೆ ನಾವು ಪಡುವ ಹೆಮ್ಮೆ ಕೂಡ ಅವಳ ಬಾಯಿ ಮುಚ್ಚಿಸಬಲ್ಲದು.

ಮಗುವನ್ನು ಮನೆಗೆ ಕಳಿಸಲು ಒಂದು ತಿಂಗಳು ಹಿಡಿಯಿತು. ರತ್ನಳ ಮಾತ್ರೆ ನಿಲ್ಲಲು ಇನ್ನೂ ಸ್ವಲ್ಪ ದಿನ. ಮುಂದೆಯೂ ವರ್ಷಕ್ಕೊಮ್ಮೆಯಾದರೂ ಬಿ.ಪಿ. ನೋಡಿಸುತ್ತಿರಬೇಕು, ಇಂಥವರಿಗೆ ಅದು ಮತ್ತೆ ಬರಬಹುದು ಎಂದಿದ್ದಾರೆ. ಶಾಂತಮ್ಮನ ಮನೆಗೆ ನಾನೇ ಹೋಗಿ, ಪಡಸಾಲೆಯಲ್ಲಿ ನಗಿಸಿದ ಮಾತಿಗೆ ಕ್ಷಮೆ ಕೇಳಿದೆ. "ನಗ್ಸಿದ್ದಕ್ಕಲ್ಲ ಈರಣ್ಣಾರೇ, ಮಾರನೇ ದಿನ ಬರ್ಲಿಲ್ಲವಲ್ಲ, ಅದಕ್ಕೆ ಕೇಳಿ" ಎಂದರು. ಅದಕ್ಕೂ ಕೇಳಿದೆ. ರತ್ನಳ ಮಾಸಿನಲ್ಲಿ ಏನು ಕಂಡಿತೆಂದು ಡಾಕ್ಟರಮ್ಮನನ್ನು ವಿಚಾರಿಸಿದಾಗ, ಒಂದು ಮಾಸಿನಿಂದ ಏನೂ ಹೇಳಲಾಗುವುದಿಲ್ಲ, ತುಂಬ ಜನರದ್ದನ್ನು ಸೇರಿಸಿ ನೋಡಬೇಕು ಎಂದರು. ಸರಿ ಎಂದೆ. ಈಗ ನನ್ನ ಅಂಗಡಿಗೂ ಅರ್ಥವಾಗದ ಮೋಟಾರು ಬಂದರೆ, "ಗೊತ್ತಾಗ್ತಿಲ್ಲ ಸ್ವಾಮಿ, ಬಿಚ್ಚಿ ನೋಡ್ಬೇಕು" ಎನ್ನುತ್ತೇನೆ.

ಮಗುವಿಗೆ ಆರು ತಿಂಗಳಾದಾಗ ನಾವು ಮೂವರೂ ಸಿರಾಕ್ಕೆ ಹೋದೆವು. ಫಾತಿಮಾಬಿಯ ಅಂಗಡಿ ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಚಿಕ್ಕದು. ಅವರ ಮಗಳು ಒಳಗಿನಿಂದ ತನ್ನ ಮಗುವನ್ನು ತಂದು ನಮ್ಮ ಮಗುವಿನ ಪಕ್ಕ ಮಲಗಿಸಿದಳು. ಫಾತಿಮಾಬಿ ರತ್ನಳ ಕೈ ಹಿಡಿದು ನೋಡಿ, ಎಲ್ಲಕ್ಕಿಂತ ಸಣ್ಣ ಅಳತೆಯ ಹಸಿರು ಬಳೆಯ ಕಟ್ಟು ತೆಗೆದು ನನ್ನ ಮುಂದಿಟ್ಟರು.

"ತೆಗೆದೋನು ನೀನು. ತೊಡಿಸೋನೂ ನೀನೇ ಆಗು."

"ಬೀಬಮ್ಮ, ನನಗೆ ಬರಲ್ಲ."

"ತಂತಿ ಸುತ್ತಕ್ಕೆ ಯಾರು ಹುಟ್ತಾನೇ ಕಲ್ತಿರ್ತಾರೆ? ಹೆಬ್ಬೆಟ್ಟು ಒ‌ಳಕ್ಕೆ ಮಡಚು. ಹಾಂ. ನೂಕ್ಬೇಡ, ತಿರುಗ್ಸು."

ಒಂದೊಂದಾಗಿ ಹೋದವು. ಎಣ್ಣೆ ಬೇಕಾಗಲಿಲ್ಲ. ಬಲಗೈಗೆ ಹತ್ತು, ಎಡಗೈಗೆ ಹನ್ನೊಂದು. ಮುಗಿದ ಮೇಲೆ ನಾನು ಅವಳ ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿ, ತೆಗೆದು, ನೋಡುತ್ತಾ ಕುಳಿತೆ. ಹಳ್ಳ ನಿಲ್ಲಲಿಲ್ಲ. ಕ್ಷಣದಲ್ಲಿ ಚರ್ಮ ಮೇಲಕ್ಕೆ ಬಂತು. ರತ್ನ ಕೈ ಆಡಿಸಿದಳು, ಇಪ್ಪತ್ತೊಂದು ಬಳೆಯೂ ಸದ್ದು ಮಾಡಿದವು.

ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಅವಳು ನಿಂತಳು. "ಯಾಕೋ ತಲೆ ಸ್ವಲ್ಪ ನೋಯ್ತೈತೆ ಕಣ್ರೀ."

ಮೇಲೆ ಸುಡುವ ಬಿಸಿಲಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಆಟೋ ಕರೆದು, ಆಸ್ಪತ್ರೆಗೆ ಎಂದೆ. ಅಲ್ಲಿಯ ನರ್ಸು ಬಿ.ಪಿ. ನೋಡಿ, ಪಟ್ಟಿ ಬಿಚ್ಚುತ್ತಾ, "ಚೆನ್ನಾಗೇ ಇದೆಯಲ್ಲಮ್ಮ, ಬಿಸಿಲಿಗೆ ಇರ್ಬೇಕು" ಎಂದರು. ರತ್ನ ಬಾಯಿಗೆ ಸೆರಗು ಹಿಡಿದು ನಗಲು ಶುರು ಮಾಡಿದಳು. ನರ್ಸಿಗೆ ಏನೂ ಅರ್ಥವಾಗದೆ ನನ್ನನ್ನು ನೋಡಿ, "ಅಷ್ಟಕ್ಕೇ ಬಂದ್ರಾ?" ಎಂದು ಕೇಳಿದರು.

"ಅವ್ಳು ಹೇಳುದ್ಲು, ಬಂದ್ವಿ" ಎಂದೆ.